ಹೆಣ ಬೀಳುವ ಮುಂಚೆ: ಅಸ್ಥಿರ ದೇಶಗಳ ಜಗಳ ಮತ್ತು ವಿದೇಶಾಂಗ ನೀತಿ, ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ, ಮಾಜಿ ಸೈನಿಕರ ಕೂಟಗಳಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆಗಳಿವು. ಕೇಳಿದವರ ಮಾತಿನ ಧಾಟಿಯನ್ನು ತಿದ್ದಿಲ್ಲ. ಸುಲಭದವು ಮೊದಲು, ತಲೆ ಕೆಡಿಸುವವು ಕೊನೆಗೆ.

## ಮೊದಲ ಪಾಠ

ನಮ್ಮ ಹೊಲದ ಬದುವಿನ ಜಗಳಾನ ಇಪ್ಪತ್ತು ವರ್ಷ ಆದ್ರೂ ಬಗೀಹರಿದಿಲ್ಲ. ಎಲ್ಲೋ ದೂರದ ದೇಶದಾಗ ಹೊಡದಾಡಿದ್ರ ನಮಗೇನ್ರೀ? ಊರಿಗೆ ಉಪಕಾರಿ, ಮನೆಗೆ ಮಾರಿ ಆಗೋದ್ಯಾಕ?

ದ್ರಾಕ್ಷಿ ಬೆಳೆಯುವವರಿಗೆ ಇದರ ಉತ್ತರ ಗೊತ್ತು. 2023ರ ನವೆಂಬರಿನಿಂದ ಯೆಮನ್ನಿನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬೀಳತೊಡಗಿದರು. ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿಯನ್ನು ಸುತ್ತಿ ಹೋಗಬೇಕಾಯಿತು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು ಹಿಡಿಯಿತು. ಒಣದ್ರಾಕ್ಷಿಯಾದರೆ ತಡೆದೀತು, ಹಸಿ ದ್ರಾಕ್ಷಿಯ ತೊಟ್ಟು ಅಷ್ಟರಲ್ಲಿ ಕಂದಾಗಿರುತ್ತದೆ, ಕೊಳ್ಳುವವನು ದರ ಇಳಿಸುತ್ತಾನೆ.

ಆ ಯೆಮನ್ ಒಂದೇ ರಾತ್ರಿಯಲ್ಲಿ ಕೆಟ್ಟದ್ದಲ್ಲ. 2011ರಲ್ಲಿ ಕೊಲ್ಲಿ ರಾಷ್ಟ್ರಗಳು ನಡುವೆ ನಿಂತು ಅಧಿಕಾರ ಬದಲಾವಣೆ ಮಾಡಿಸಿದವು. ಹತ್ತು ತಿಂಗಳು ರಾಷ್ಟ್ರೀಯ ಸಂವಾದ ನಡೆದು 2014ರ ಜನವರಿಯಲ್ಲಿ ಮುಗಿಯಿತು. ಆದರೆ ದೇಶವನ್ನು ಎಷ್ಟು ಪ್ರಾಂತ್ಯ ಮಾಡಬೇಕು, ಯಾರಿಗೆ ಏನು ಸಿಗಬೇಕು ಎಂಬ ಮುಖ್ಯ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಸಿಗಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೂಥಿಗಳು ರಾಜಧಾನಿ ಸನಾ ಹಿಡಿದರು. ಅರ್ಧಕ್ಕೆ ಬಿಟ್ಟ ಪಂಚಾಯ್ತಿಯ ಬಿಸಿ ಹತ್ತು ವರ್ಷದ ಮೇಲೆ ನಮ್ಮ ದ್ರಾಕ್ಷಿಗೆ ತಟ್ಟಿತು. 2022ರಲ್ಲಿ ಉಕ್ರೇನಿನಿಂದ ಮರಳಿದ ವೈದ್ಯಕೀಯ ವಿದ್ಯಾರ್ಥಿಗಳ ಮನೆಯವರಿಗೂ, ಆ ವರ್ಷ ಸೂರ್ಯಕಾಂತಿ ಎಣ್ಣೆ ಕೊಂಡವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಸ್ಥಿರ ದೇಶ ಅಂದ್ರ ಬಡ ದೇಶ ಅಂತ ಅರ್ಥಾನ?

ಅಲ್ಲ. ಜಾಂಬಿಯಾ ಬಡ ದೇಶ, ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಅಂತರ್ಯುದ್ಧ ಆಗಿಲ್ಲ. ಯುಗೊಸ್ಲಾವಿಯಾ ತಕ್ಕಮಟ್ಟಿಗೆ ಉಂಡುಟ್ಟು ಇದ್ದ ದೇಶ, ಚೂರುಚೂರಾಯಿತು. ಅಮೆರಿಕ ಸರ್ಕಾರದ ಕೋರಿಕೆಯಂತೆ 1994ರಲ್ಲಿ ಕೂಡಿದ ಸಂಶೋಧಕರ ತಂಡ ಹತ್ತಾರು ವರ್ಷಗಳ ದಾಖಲೆ ಜಾಲಾಡಿ ಕೊನೆಗೆ ನಾಲ್ಕು ಅಂಶಗಳನ್ನು ಉಳಿಸಿಕೊಂಡಿತು: ಆಡಳಿತದ ಬಗೆ, ಶಿಶುಮರಣದ ಪ್ರಮಾಣ, ಸುತ್ತಲ ದೇಶಗಳಲ್ಲಿ ನಡೆದಿರುವ ಯುದ್ಧ, ಒಂದು ಸಮುದಾಯದ ಮೇಲೆ ಸರ್ಕಾರವೇ ಮಾಡುವ ತಾರತಮ್ಯ. ಯಾವ ದೇಶ ಕುಸಿಯುತ್ತದೆ ಎಂದು ಇಷ್ಟರಿಂದಲೇ ಎರಡು ವರ್ಷ ಮುಂಚೆ ಶೇ 80ಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಲು ಬಂತು. ಪೂರ್ತಿ ಸರ್ವಾಧಿಕಾರಕ್ಕಿಂತ, ಪೂರ್ತಿ ಪ್ರಜಾಪ್ರಭುತ್ವಕ್ಕಿಂತ, ಎರಡರ ನಡುವೆ ತೂಗುತ್ತಾ ಪಕ್ಷಗಳೆಲ್ಲ ಜಾತಿ-ಬುಡಕಟ್ಟಿನ ಬಣಗಳಾಗಿ ಒಡೆದಿರುವ ಆಡಳಿತವೇ ಹೆಚ್ಚು ಅಪಾಯದ್ದು. ಶಿಶುಮರಣ ಯಾಕೆ ಅಂದರೆ, ಸರ್ಕಾರದ ಕೈ ಹಳ್ಳಿಯವರೆಗೆ ಮುಟ್ಟುತ್ತದೋ ಇಲ್ಲವೋ ಎಂಬುದನ್ನು ಅದೊಂದೇ ಅಂಕಿ ಹೇಳಿಬಿಡುತ್ತದೆ.

ಮೊದಲೇ ಗೊತ್ತಾಗ್ತದೇನ್ರೀ? ಎಲ್ಲಾ ಆದ ಮ್ಯಾಲ ‘ನಾವು ಹೇಳಿದ್ವಿ’ ಅನ್ನೋರೇ ಜಾಸ್ತಿ.

ಗೊತ್ತಾಗುತ್ತದೆ. ಕೇಳಿಸಿಕೊಳ್ಳಬೇಕಾದ ಕಿವಿ ಇರುವುದಿಲ್ಲ, ಅಷ್ಟೇ.

ರುವಾಂಡಾದಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಿದ್ದವರು ಕೆನಡಾದ ಜನರಲ್ ರೋಮಿಯೊ ಡಲೇರ್. 1994ರ ಜನವರಿ 11ರಂದು ಅವರು ನ್ಯೂಯಾರ್ಕಿಗೆ ಒಂದು ಸಂದೇಶ ಕಳಿಸಿದರು. ಆಳುವ ಪಕ್ಷದ ಹುಡುಗರಿಗೆ ತರಬೇತಿ ಕೊಡುತ್ತಿದ್ದವನೇ ಬಂದು ಬಾಯಿ ಬಿಟ್ಟಿದ್ದ: ರಾಜಧಾನಿ ಕಿಗಾಲಿಯ ಟುಟ್ಸಿ ಸಮುದಾಯದವರ ಹೆಸರು ಪಟ್ಟಿಯಾಗುತ್ತಿದೆ, ತನ್ನ ಹುಡುಗರು 20 ನಿಮಿಷದಲ್ಲಿ 1,000 ಜನರನ್ನು ಕೊಲ್ಲಬಲ್ಲರು, ಆಯುಧ ಅಡಗಿಸಿಟ್ಟ ಜಾಗ ತೋರಿಸುತ್ತೇನೆ. 36 ಗಂಟೆಯೊಳಗೆ ದಾಳಿ ಮಾಡಿ ಆಯುಧ ವಶಪಡಿಸಿಕೊಳ್ಳುತ್ತೇನೆ ಎಂದು ಡಲೇರ್ ಬರೆದರು. ಬೇಡ, ಅದು ನಿಮಗೆ ಕೊಟ್ಟ ಅಧಿಕಾರದಲ್ಲಿಲ್ಲ, ಅಲ್ಲಿನ ಅಧ್ಯಕ್ಷರಿಗೆ ತಿಳಿಸಿ ಎಂಬ ಉತ್ತರ ಬಂತು. ಕಳ್ಳನ ಮನೆಗೇ ಹೋಗಿ ದೂರು ಕೊಡಿ ಅಂದ ಹಾಗೆ.

ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನ ಉರುಳಿತು. ಮರುದಿನ ಬೆಲ್ಜಿಯಂನ ಹತ್ತು ಶಾಂತಿಪಾಲಕರನ್ನು ಕೊಂದರು, ಬೆಲ್ಜಿಯಂ ತನ್ನ ಪಡೆಯನ್ನು ವಾಪಸು ಕರೆಸಿಕೊಂಡಿತು. ಹೆಚ್ಚು ಸೈನಿಕರು ಬೇಕಾದ ಹೊತ್ತಿಗೆ, ಏಪ್ರಿಲ್ 21ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಪಡೆಯನ್ನು 270ಕ್ಕೆ ಇಳಿಸಿತು. ಸುಮಾರು ನೂರು ದಿನದಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು.

ಯಾಕೆ ಹೀಗಾಯಿತು? 1993ರ ಅಕ್ಟೋಬರಿನಲ್ಲಿ ಸೊಮಾಲಿಯಾದಲ್ಲಿ 18 ಅಮೆರಿಕನ್ ಸೈನಿಕರು ಸತ್ತಿದ್ದರು, ಇನ್ನೊಂದು ಆಫ್ರಿಕಾ ದೇಶಕ್ಕೆ ಕೈ ಹಾಕಲು ಯಾರಿಗೂ ಮನಸ್ಸಿರಲಿಲ್ಲ. ಸಂದೇಶ ಒಂದು ವಿಭಾಗದ ಮೇಜಿನಲ್ಲೇ ಉಳಿಯಿತು. ಇನ್ನೂ ವಿಪರೀತವೆಂದರೆ ಆ ವರ್ಷ ರುವಾಂಡಾ ಸರ್ಕಾರವೇ ಭದ್ರತಾ ಮಂಡಳಿಯ ಸದಸ್ಯನಾಗಿ ಕೂತಿತ್ತು.

ಪೇಪರ್ ಓದುವಾಗ ಯಾವ ಸುದ್ದಿಯ ಮೇಲೆ ಕಣ್ಣಿಡಬೇಕು ಸರ್?

ನಾಯಕರ ಭಾಷಣ ಬಿಡಿ, ಒಳಪುಟದ ಸಣ್ಣ ಸುದ್ದಿ ನೋಡಿ. ಸೈನಿಕರ ಪಗಾರ ತಿಂಗಳುಗಟ್ಟಲೆ ತಡವಾಗುವುದು. ಚುನಾವಣೆಗೆ ಕೆಲವೇ ತಿಂಗಳಿರುವಾಗ ಚುನಾವಣಾ ಆಯೋಗದವರನ್ನು ಬದಲಿಸುವುದು. ಒಂದೇ ಸಮುದಾಯದ ಅಧಿಕಾರಿಗಳಿಗೆ ಸೇನೆಯಲ್ಲಿ ಬಡ್ತಿ. ಸಂತೆಯಲ್ಲಿ ಬಂದೂಕಿನ ದರ ಏರಿ ದನದ ದರ ಬೀಳುವುದು: ಜನ ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳುತ್ತಿದ್ದಾರೆಂದು ಅರ್ಥ. ಮಿಶ್ರ ವಸತಿಯ ಓಣಿಗಳಿಂದ ಹೆಂಗಸರು-ಮಕ್ಕಳು ನೆಂಟರ ಊರು ಸೇರುವುದು. ರೇಡಿಯೊ, ಮೊಬೈಲುಗಳಲ್ಲಿ ಒಂದು ಸಮುದಾಯವನ್ನು ಹುಳ-ಹುಪ್ಪಡಿ ಎಂದು ಕರೆಯುವುದು. ರುವಾಂಡಾದ ರೇಡಿಯೊ ಟುಟ್ಸಿಗಳನ್ನು ಜಿರಲೆ ಎನ್ನುತ್ತಿತ್ತು.

ಇವುಗಳಲ್ಲಿ ಯಾವುದಾದರೂ ಒಂದು ಎಲ್ಲ ಕಡೆಯೂ ಕಾಣುತ್ತದೆ. ಒಂದೇ ಜಾಗದಲ್ಲಿ ಮೂರು ಒಟ್ಟಿಗೆ ಕಂಡರೆ ಮಾತ್ರ ಎದ್ದು ಕೂರಬೇಕು. ದಿನಾ ‘ತೋಳ ಬಂತು’ ಅನ್ನುವ ಅಧಿಕಾರಿಯ ವರದಿಯನ್ನು ಆರನೇ ತಿಂಗಳಿಗೆ ಯಾರೂ ಓದುವುದಿಲ್ಲ.

## ಕೆಲಸ ನಡೆಯುವ ಬಗೆ

ಒಂದು ದೇಶ ಇನ್ನೇನು ಹೊತ್ತಕೊಂತೈತಿ ಅಂತ ತಿಳ್ಕೋರಿ. ಹೊರಗಿನವರು ಮೊದಲ ಏನು ಮಾಡ್ತಾರ? ಬರೇ ‘ಕಳವಳ ವ್ಯಕ್ತಪಡಿಸೋದು’ ಅಷ್ಟನ?

ಕಳವಳದ ಹೇಳಿಕೆ ಪೇಪರಿಗೆ. ನಿಜವಾದ ಕೆಲಸವನ್ನು ಕೆನ್ಯಾದಲ್ಲಿ ನೋಡಬಹುದು.

2007ರ ಡಿಸೆಂಬರ್ 27ರಂದು ಚುನಾವಣೆ, 30ಕ್ಕೆ ಫಲಿತಾಂಶ. ಗೆದ್ದದ್ದು ನಾನೇ ಎಂದು ಅಧ್ಯಕ್ಷ ಮ್ವಾಯ್ ಕಿಬಾಕಿಯೂ ಎದುರಾಳಿ ರೈಲಾ ಒಡಿಂಗಾ ಕೂಡ ಪಟ್ಟು ಹಿಡಿದರು. ಕೆಲವೇ ವಾರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆ ಬಿಟ್ಟರು. ಆಫ್ರಿಕಾ ಒಕ್ಕೂಟದ ಪರವಾಗಿ ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಜನವರಿ 22ಕ್ಕೆ ನೈರೋಬಿಗೆ ಬಂದಿಳಿದರು.

ಅವರ ಮೊದಲ ಷರತ್ತು: ಮಧ್ಯಸ್ಥ ಒಬ್ಬನೇ ಇರಬೇಕು. ನಾಲ್ಕು ದೇಶಗಳು ನಾಲ್ಕು ದೂತರನ್ನು ಕಳಿಸಿದರೆ ಜಗಳಗಂಟರು ತಮಗೆ ಅನುಕೂಲವಾದವರ ಮನೆ ಬಾಗಿಲು ಹುಡುಕಿಕೊಂಡು ಹೋಗುತ್ತಾರೆ. ಅಮೆರಿಕ, ಯುರೋಪು ಬೇರೆ ಅಂಗಡಿ ತೆರೆಯದೆ ಅನ್ನಾನ್ ಬೆನ್ನಿಗೆ ನಿಂತವು. ಎರಡನೆಯದು, ಬಂದ ಎರಡೇ ದಿನದಲ್ಲಿ ಇಬ್ಬರನ್ನೂ ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆ ನಿಲ್ಲಿಸಿ ಕೈ ಕುಲುಕಿಸಿದರು. ಏನೂ ಬಗೆಹರಿದಿರಲಿಲ್ಲ, ಆದರೆ ಆ ಫೋಟೊ ಊರೂರಿಗೆ ತಲುಪಬೇಕಿತ್ತು. ಮೂರನೆಯದು ಒತ್ತಡ: ಅಡ್ಡಗಾಲು ಹಾಕುವ ರಾಜಕಾರಣಿ, ವ್ಯಾಪಾರಿಗಳಿಗೆ ವೀಸಾ ಕೊಡುವುದಿಲ್ಲ ಎಂದು ಅಮೆರಿಕ ಎಚ್ಚರಿಸಿತು. ಮಕ್ಕಳನ್ನು ವಿದೇಶದಲ್ಲಿ ಓದಿಸುವ ಮಂದಿಗೆ ಇದು ಗುಂಡಿಗಿಂತ ಬೇಗ ನಾಟುತ್ತದೆ.

ಫೆಬ್ರುವರಿ ಕೊನೆಗೆ ಎರಡೂ ತಂಡಗಳ ಮಾತುಕತೆ ಕಗ್ಗಂಟಾಯಿತು. ಅನ್ನಾನ್ ತಂಡಗಳನ್ನು ಬದಿಗಿಟ್ಟು ನೇರ ಇಬ್ಬರನ್ನೇ ಕೂರಿಸಿದರು. ಅಧ್ಯಕ್ಷನೂ ಪ್ರಧಾನಿಯೂ ಒಂದೇ ದೇಶದಲ್ಲಿ ಹೇಗೆ ಬಾಳುತ್ತಾರೆ ಎಂದು ಬಿಡಿಸಿ ಹೇಳಲು ಪಕ್ಕದ ತಾಂಜಾನಿಯಾದ ಅಧ್ಯಕ್ಷ ಕಿಕ್ವೆಟೆ ಬಂದರು. ಅವರ ದೇಶದಲ್ಲಿ ಅದೇ ಪದ್ಧತಿ. ಫೆಬ್ರುವರಿ 28ಕ್ಕೆ ಸಹಿ ಬಿತ್ತು, ಒಡಿಂಗಾ ಪ್ರಧಾನಿಯಾದರು.

ಭಾರತದ ಕೈಯಲ್ಲಿರುವ ಸಾಧನ ಬೇರೆ ಥರದ್ದು. 2022ರಲ್ಲಿ ಶ್ರೀಲಂಕಾ ದಿವಾಳಿಯಾಗಿ ಪೆಟ್ರೋಲು, ಔಷಧಿಗೆ ಜನ ಬೀದಿಗಿಳಿದಾಗ ದಿಲ್ಲಿ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟಿತು. ಇದನ್ನು ಶಾಂತಿ ಕಾರ್ಯಾಚರಣೆ ಎಂದು ಯಾರೂ ಕರೆಯಲಿಲ್ಲ. ಕರೆಯಬೇಕಿತ್ತು.

ಬೆಳಗಾವಿಯಲ್ಲಿ ಬೋರ್ಡಿನ ಭಾಷೆಗೇ ಗಲಾಟೆ ಆಗುತ್ತದೆ. ಭಾಷೆಗಾಗಿ ದೇಶಗಳು ಯುದ್ಧಕ್ಕೆ ಇಳಿಯಬಹುದೇ?

ಇಳಿದದ್ದುಂಟು. 1956ರಲ್ಲಿ ಶ್ರೀಲಂಕಾ ಸಿಂಹಳವೊಂದನ್ನೇ ಅಧಿಕೃತ ಭಾಷೆ ಮಾಡಿದ್ದು ಮುಂದಿನ ಯುದ್ಧದ ಬೇರುಗಳಲ್ಲೊಂದು.

ತಪ್ಪಿದ್ದೂ ಉಂಟು. ಎಸ್ಟೋನಿಯಾದಲ್ಲಿ ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದ ರಷ್ಯನ್ ಮಾತಾಡುವವರು ಲಕ್ಷಗಟ್ಟಲೆ ಇದ್ದರು, ರಷ್ಯಾದ ಸೈನ್ಯ ಇನ್ನೂ ಅಲ್ಲೇ ಇತ್ತು. 1993ರ ಜೂನಿನಲ್ಲಿ ಸಂಸತ್ತು ವಿದೇಶಿಯರ ಕಾನೂನು ಪಾಸು ಮಾಡಿತು. ಹುಟ್ಟಿ ಬೆಳೆದ ಊರಿನಲ್ಲೇ ಪರದೇಶಿಗಳಾಗುತ್ತೇವೆಂದು ಆ ಜನ ಹೆದರಿದರು. ಆಗ ಯುರೋಪಿನ ಭದ್ರತಾ ಒಕ್ಕೂಟದ ಅಲ್ಪಸಂಖ್ಯಾತರ ಹೈಕಮಿಷನರ್ ಆಗಿದ್ದವರು ಡಚ್ ರಾಜಕಾರಣಿ ಮ್ಯಾಕ್ಸ್ ವಾನ್ ಡರ್ ಸ್ಟುಲ್. ಅವರು ಪತ್ರಿಕಾಗೋಷ್ಠಿಗಿಂತ ಪತ್ರ ನಂಬುವವರು. ಕಾನೂನಿನ ಯಾವ ಮಾತು ಬದಲಾಗಬೇಕೆಂದು ಒಂದೊಂದಾಗಿ ಬರೆದು ತಿಳಿಸಿದರು, ಗಡಿ ಪಟ್ಟಣ ನಾರ್ವಾಕ್ಕೆ ಹೋಗಿ ರಷ್ಯನ್ನರ ಮುಖಂಡರ ಜತೆಗೂ ಕೂತರು. ಅಧ್ಯಕ್ಷ ಲೆನಾರ್ಟ್ ಮೆರಿ ಸಹಿ ಹಾಕದೆ ಕಾನೂನನ್ನು ವಾಪಸು ಕಳಿಸಿದರು, ಅದು ತಿದ್ದುಪಡಿಯಾಯಿತು. 1994ರ ಆಗಸ್ಟಿನಲ್ಲಿ ರಷ್ಯಾದ ಸೈನ್ಯ ಹೊರಟುಹೋಯಿತು.

ಬೆಳಗಾವಿಯದನ್ನು ಇದಕ್ಕೆ ಹೋಲಿಸುವುದು ಅಷ್ಟಕ್ಕಷ್ಟೆ. ನಮ್ಮಲ್ಲಿ ಎರಡೂ ಕಡೆಯವರಿಗೆ ಒಂದೇ ಪೌರತ್ವ, ಒಂದೇ ಸುಪ್ರೀಂ ಕೋರ್ಟು; 2004ರಿಂದ ವ್ಯಾಜ್ಯ ಅಲ್ಲೇ ಇದೆ. ಬಸ್ಸಿಗೆ ಮಸಿ ಬಳಿದರೂ ಮರುವಾರ ಅದೇ ಬಸ್ಸು ಕೊಲ್ಹಾಪುರಕ್ಕೆ ಹೊರಡುತ್ತದೆ. ದೂರು ಕೊಡಲು ಒಂದು ಕಟ್ಟೆ ಇರುವಲ್ಲಿ ಬಂದೂಕಿಗೆ ಕೆಲಸ ಕಡಿಮೆ.

ಯುಎನ್ ಸೈನಿಕರು ಗುಂಡು ಹಾರಿಸೋ ಹಂಗಿಲ್ಲ ಅಂತಾರ. ಮತ್ತ ನಮ್ಮ ಹುಡುಗರನ್ನ ಅಲ್ಲಿಗೆ ಯಾಕ ಕಳಸ್ತಾರ?

ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇರುವ ಊರಿನಲ್ಲಿ ಈ ಪ್ರಶ್ನೆ ಏಳದಿದ್ದರೇ ಆಶ್ಚರ್ಯ. ಪೂರ್ತಿ ಹಾಗಿಲ್ಲ. ತಮ್ಮ ಜೀವ ಉಳಿಸಿಕೊಳ್ಳಲು ಹಾರಿಸಬಹುದು. ಬಲ ಬಳಸಲು ಬಿಡುವ, ವಿಶ್ವಸಂಸ್ಥೆ ಸನ್ನದಿನ ಏಳನೇ ಅಧ್ಯಾಯದ ಅಧಿಕಾರ ಕೊಟ್ಟಿದ್ದರೆ ನಾಗರಿಕರನ್ನು ಕಾಯಲೂ ಹಾರಿಸಬಹುದು. ಆದರೆ ತಡೆಯುವ ಪಡೆಯ ಬಲ ಇರುವುದು ಮುಂಚೆಯೇ ಹೋಗಿ ನಿಲ್ಲುವುದರಲ್ಲಿ.

ಯುದ್ಧ ಶುರುವಾಗುವ ಮೊದಲೇ ಪಡೆ ಹೋದದ್ದು ಮ್ಯಾಸಿಡೋನಿಯಾದಲ್ಲಿ. ಅದರಂತೆಯೇ ಯುಗೊಸ್ಲಾವಿಯಾದಿಂದ ಬೇರೆಯಾದ ಬೋಸ್ನಿಯಾ ಉರಿಯುತ್ತಿದ್ದ 1992ರ ಡಿಸೆಂಬರಿನಲ್ಲಿ ಭದ್ರತಾ ಮಂಡಳಿ ಒಪ್ಪಿತು. ಸುಮಾರು ಸಾವಿರ ಸೈನಿಕರು ಗಡಿಯಲ್ಲಿ ಕಾವಲು ಗೋಪುರ ಕಟ್ಟಿ ಓಡಾಡಿದರು. ದೇಶ ಯುದ್ಧದಿಂದ ದೂರ ಉಳಿಯಿತು. 1999ರಲ್ಲಿ ಮ್ಯಾಸಿಡೋನಿಯಾ ತೈವಾನಿಗೆ ಮಾನ್ಯತೆ ಕೊಟ್ಟಿತು; ಚೀನಾ ವೀಟೊ ಹಾಕಿತು, ಪಡೆ ಮನೆಗೆ ಬಂತು. 2001ರಲ್ಲಿ ಅಲ್ಲಿನ ಅಲ್ಬೇನಿಯನ್ ಅಲ್ಪಸಂಖ್ಯಾತರ ಬಂಡಾಯ ಎದ್ದಿತು.

ದಕ್ಷಿಣ ಸುಡಾನಿನ ಮಲಕಾಲದಲ್ಲಿ ಭಾರತೀಯ ಪಡೆ ದನದ ದವಾಖಾನೆ ನಡೆಸಿದೆ. ಸೈನಿಕರಿಗೇಕೆ ದನ ಅಂದೀರಿ. ಅಲ್ಲಿ ವಧುದಕ್ಷಿಣೆ ಕೊಡುವುದು ದನದ ಲೆಕ್ಕದಲ್ಲಿ. ದನ ಸತ್ತರೆ ಹುಡುಗರು ಪಕ್ಕದ ಬುಡಕಟ್ಟಿನ ಹಟ್ಟಿಗೆ ಕನ್ನ ಹಾಕುತ್ತಾರೆ, ಅಲ್ಲಿಂದ ಕೊಲೆ, ಕೊಲೆಗೆ ಕೊಲೆ. ಲಸಿಕೆಯ ಸಿರಿಂಜು ಕೂಡ ಆಯುಧವೇ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ.

ಬಂದೂಕು ಹಿಡಿದವನ ಕೈಯಿಂದ ಅದನ್ನ ಇಳಿಸೋದು ಹೆಂಗ? ಕೇಳಿದ್ರ ಕೊಡ್ತಾನೇನು?

ಮೊದಲ ದಿನವೇ ‘ಒಪ್ಪಿಸು’ ಅಂದರೆ ಕೊಡುವುದಿಲ್ಲ. ನೇಪಾಳದಲ್ಲಿ ‘ಬೀಗ ಹಾಕಿಡು, ಕೀಲಿ ನೀನೇ ಇಟ್ಟುಕೋ’ ಅಂದರು.

1996ರಿಂದ ಹತ್ತು ವರ್ಷ ನಡೆದ ಮಾವೋವಾದಿ ಯುದ್ಧ 2006ರ ನವೆಂಬರಿನ ಒಪ್ಪಂದದಿಂದ ನಿಂತಿತು; ಅದರ ಮೊದಲ ಹೆಜ್ಜೆಯಾದ 12 ಅಂಶಗಳ ತಿಳಿವಳಿಕೆ ಒಂದು ವರ್ಷ ಹಿಂದೆ ದಿಲ್ಲಿಯಲ್ಲೇ ಆಗಿತ್ತು. ಹೋರಾಟಗಾರರು 7 ಮುಖ್ಯ ಶಿಬಿರ, 21 ಉಪಶಿಬಿರ ಸೇರಿದರು. ಬಂದೂಕುಗಳನ್ನು ನೋಂದಾಯಿಸಿ ಕಂಟೇನರಿನ ಕಪಾಟಿನಲ್ಲಿಟ್ಟರು. ಬೀಗದ ಕೀಲಿ ಮಾವೋವಾದಿಗಳ ಕೈಯಲ್ಲಿ, ಆದರೆ ಬಾಗಿಲು ತೆರೆದರೆ ಕೂಗುವ ಸೈರನ್ನು ವಿಶ್ವಸಂಸ್ಥೆಯದು. ವೀಕ್ಷಕರು ಬಂದು ಸೇರುವವರೆಗೆ ನಿವೃತ್ತ ಗೂರ್ಖಾ ಸೈನಿಕರು ಕಾವಲಿದ್ದರು. ಸರ್ಕಾರಿ ಸೇನೆಯೂ ಅಷ್ಟೇ ಸಂಖ್ಯೆಯ ಬಂದೂಕನ್ನು ಹಾಗೇ ಬೀಗದೊಳಗೆ ಇಟ್ಟಿತು. ಹಾಗಾಗಿ ಯಾರೂ ಸೋತಂತೆ ಕಾಣಲಿಲ್ಲ.

ಎಡವಟ್ಟು ಆದದ್ದು ನಂತರ. ಪರಿಶೀಲನೆಯಲ್ಲಿ 19,602 ಜನ ಹೋರಾಟಗಾರರೆಂದು ಗುರುತಾದರು, ನೋಂದಾಯಿತ ಬಂದೂಕು ಅದರ ಕಾಲುಭಾಗವೂ ಇರಲಿಲ್ಲ. ಎಲ್ಲರನ್ನೂ ಸೇನೆಗೆ ಸೇರಿಸಬೇಕೆಂದು ಒಬ್ಬರು, ಒಬ್ಬನೂ ಬೇಡ ಎಂದು ಇನ್ನೊಬ್ಬರು. ಶಿಬಿರದಲ್ಲೇ ಐದು ವರ್ಷ ಹೋಯಿತು. ಕೊನೆಗೆ 2012ರಲ್ಲಿ ದರ್ಜೆಗೆ ತಕ್ಕಂತೆ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ತೆಗೆದುಕೊಂಡು ಹೆಚ್ಚಿನವರು ಊರಿಗೆ ಹೋದರು. ಸೇನೆ ಸೇರಿದವರು ಸುಮಾರು 1,400. ಶಿಬಿರ ಕಟ್ಟುವ ಮುನ್ನವೇ, ಶಿಬಿರ ಬಿಟ್ಟವನು ಎಲ್ಲಿಗೆ ಹೋಗುತ್ತಾನೆ ಎಂಬುದು ತೀರ್ಮಾನವಾಗಿರಬೇಕಿತ್ತು.

ನಿರ್ಬಂಧ ಹಾಕಿದರೆ ಸಾಯುವುದು ಬಡವರೇ ಅಲ್ಲವೇ?

ಇಡೀ ದೇಶದ ವ್ಯಾಪಾರಕ್ಕೆ ಬೀಗ ಹಾಕಿದರೆ ಹೌದು. 1990ರ ನಂತರದ ಇರಾಕಿನಲ್ಲಿ ಆದದ್ದು ಅದೇ. ಅದಕ್ಕೇ ಈಗ ಆಯ್ದ ವ್ಯಕ್ತಿಗಳ ಬ್ಯಾಂಕ್ ಖಾತೆ ಸ್ತಂಭನ, ಪ್ರಯಾಣ ನಿಷೇಧ, ಆಯುಧ ಮಾರಾಟ ನಿಷೇಧ. ಇದಕ್ಕೂ ಒಂದು ಷರತ್ತುಂಟು: ಏನು ಮಾಡಿದರೆ ತೆಗೆಯುತ್ತೇವೆ ಎಂದು ಹಾಕುವ ದಿನವೇ ಬರೆದಿರಬೇಕು. ಇಲ್ಲದಿದ್ದರೆ ಅದು ಒತ್ತಡ ಆಗದು, ಬರೀ ಶಿಕ್ಷೆಯಾಗಿ ಉಳಿಯುತ್ತದೆ.

ಆಲಮಟ್ಟಿ ನೀರಿಗೆ ನಾವೂ ಮಹಾರಾಷ್ಟ್ರದವರೂ ಕಚ್ಚಾಡ್ತೀವಿ. ಮುಂದಿನ ಯುದ್ಧ ನೀರಿಗೇ ಅಂತಾರಲ್ಲ?

ದೇಶಗಳ ನಡುವೆ ಬರೀ ನೀರಿಗಾಗಿ ಯುದ್ಧ ಆದದ್ದು ಬಹಳ ಅಪರೂಪ. ಬಾವಿ, ಹುಲ್ಲುಗಾವಲಿಗೆ ಕುರಿ-ದನ ಕಾಯುವವರೂ ಹೊಲದವರೂ ಹೊಡೆದಾಡಿ ಸಾಯುವುದು ಮಾತ್ರ ಸಹಾರಾ ಮರುಭೂಮಿಯ ದಕ್ಷಿಣದ ಸಾಹೇಲ್ ಪ್ರದೇಶದಲ್ಲಿ ದಿನದ ಸುದ್ದಿ. ಜಗಳ ಇಳಿಸುವ ಮದ್ದು ಅಂಕಿ. ಮಳೆಗಾಲದಲ್ಲಿ ಕೊಯ್ನಾದಿಂದ ಎಷ್ಟು ಬಿಟ್ಟರು, ಆಲಮಟ್ಟಿಯ ಹೊರಹರಿವು ಎಷ್ಟು ಎಂದು ಎರಡೂ ರಾಜ್ಯದ ಎಂಜಿನಿಯರುಗಳು ಹಂಚಿಕೊಳ್ಳುವ ದಿನ ಸಾಂಗ್ಲಿಯಲ್ಲೂ ಜಮಖಂಡಿಯಲ್ಲೂ ಗುಲ್ಲು ಕಡಿಮೆ. 1960ರ ಸಿಂಧೂ ಒಪ್ಪಂದ 1965, 1971, 1999ರ ಕದನಗಳನ್ನು ದಾಟಿ ಬಂತು. 2025ರ ಏಪ್ರಿಲಿನಲ್ಲಿ ಭಾರತ ಅದನ್ನು ಅಮಾನತಿನಲ್ಲಿಟ್ಟಿತು.

## ಗಡುಸು ಪ್ರಶ್ನೆಗಳು

ಶ್ರೀಲಂಕಾಕ್ಕ ಸೈನ್ಯ ಕಳಿಸಿ ನಾವೇ ಕೈ ಸುಟಗೊಂಡ್ವಿ. ಇನ್ನೂ ಬುದ್ಧಿ ಬಂದಿಲ್ಲೇನು?

1987ರ ಜುಲೈ 29ರ ಒಪ್ಪಂದಕ್ಕೆ ಸಹಿ ಹಾಕಿದ್ದು ಭಾರತ ಮತ್ತು ಶ್ರೀಲಂಕಾ ಸರ್ಕಾರಗಳು. ಬಂದೂಕು ಹಿಡಿದು ಕಾಡಿನಲ್ಲಿದ್ದ ಎಲ್‌ಟಿಟಿಇ ಸಹಿ ಹಾಕಿರಲಿಲ್ಲ. ಜಗಳದ ಮುಖ್ಯ ಪಾರ್ಟಿಯೇ ಇಲ್ಲದ ಪಂಚಾಯ್ತಿ ಅದು. ಶಾಂತಿ ಕಾಯಲು ಹೋದ ಪಡೆ ಅಕ್ಟೋಬರಿನ ಹೊತ್ತಿಗೆ ತಾನೇ ಯುದ್ಧಕ್ಕಿಳಿದಿತ್ತು. 1990ರ ಮಾರ್ಚಿನಲ್ಲಿ ಮರಳುವಾಗ ಸುಮಾರು 1,200 ಸೈನಿಕರನ್ನು ಕಳೆದುಕೊಂಡಿತ್ತು. ಆಮೇಲೆ ನೇಪಾಳದಲ್ಲಿ ದಿಲ್ಲಿ ಸೈನ್ಯ ಕಳಿಸಲಿಲ್ಲ; ಕೂರಲು ಜಾಗ ಕೊಟ್ಟಿತು. ಬುದ್ಧಿ ಬಂದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಜನರನ್ನು ಉಳಿಸುತ್ತೇವೆ ಅಂತ ಹೋಗಿ ಲಿಬಿಯಾವನ್ನೇ ಹಾಳು ಮಾಡಿದರಲ್ಲ? ‘ರಕ್ಷಿಸುವ ಹೊಣೆ’ ಅನ್ನುವುದು ಶ್ರೀಮಂತ ದೇಶಗಳ ನೆಪ ಅಲ್ಲವೇ?

ಅರ್ಧ ನಿಜ. 2005ರ ವಿಶ್ವಸಂಸ್ಥೆಯ ಶೃಂಗಸಭೆಯಲ್ಲಿ ಎಲ್ಲ ದೇಶಗಳು ಒಪ್ಪಿದ ಆ ತತ್ವದ ಪ್ರಕಾರ ತನ್ನ ಜನರನ್ನು ಕಾಯುವುದು ಮೊದಲು ಆಯಾ ಸರ್ಕಾರದ ಹೊಣೆ, ನಂತರ ಹೊರಗಿನ ನೆರವು. ಬಲಪ್ರಯೋಗ ಕಟ್ಟಕಡೆಗೆ, ಅದೂ ಭದ್ರತಾ ಮಂಡಳಿಯ ಒಪ್ಪಿಗೆಯಿಂದ. 2011ರ ಮಾರ್ಚ್ 17ರ ಲಿಬಿಯಾ ನಿರ್ಣಯ 10 ಮತಗಳಿಂದ ಪಾಸಾಯಿತು. ಭಾರತ, ಬ್ರೆಜಿಲ್, ಜರ್ಮನಿ, ಚೀನಾ, ರಷ್ಯಾ ಮತ ಹಾಕಲಿಲ್ಲ. ನಾಗರಿಕರ ರಕ್ಷಣೆ ಎಂದು ಆರಂಭವಾದದ್ದು ಅಲ್ಲಿನ ಸರ್ವಾಧಿಕಾರಿ ಗದ್ದಾಫಿಯನ್ನು ಕೆಳಗಿಳಿಸುವಲ್ಲಿಗೆ ಮುಟ್ಟಿತು. ಅವನ ಉಗ್ರಾಣದ ಆಯುಧಗಳು ಮರುಭೂಮಿ ದಾಟಿ ಮಾಲಿ ಸೇರಿದವು, 2012ರಲ್ಲಿ ಅಲ್ಲಿ ದಂಗೆ. ಸಿರಿಯಾದ ಸರದಿ ಬಂದಾಗ ರಷ್ಯಾ, ಚೀನಾ ಲಿಬಿಯಾವನ್ನೇ ತೋರಿಸಿ ವೀಟೊ ಹಾಕಿದವು. ಕೊಟ್ಟ ಅಧಿಕಾರವನ್ನು ಹಿಗ್ಗಿಸಿದವರು ಮುಂದಿನ ಊರಿನ ಜನರಿಂದ ಬೆಲೆ ತೆತ್ತಿಸಿದರು.

ಆಗದೇ ಇದ್ದದ್ದನ್ನ ಎಣಿಸೋದು ಹೆಂಗ? ತಡೆದಿದ್ದೀವಿ ಅಂತ ಸಾಬೀತು ಮಾಡಾಕ ಬರತೈತೇನು?

ಪೂರ್ತಿ ಬರುವುದಿಲ್ಲ. ಈ ಕೆಲಸಕ್ಕೆ ದುಡ್ಡು ಸಿಗದಿರಲು ಅದೇ ಕಾರಣ: ಉದ್ಘಾಟನೆಗೆ ರಿಬ್ಬನ್ನೇ ಇರುವುದಿಲ್ಲ. 2018ರಲ್ಲಿ ವಿಶ್ವಸಂಸ್ಥೆಯೂ ವಿಶ್ವಬ್ಯಾಂಕೂ ಕೂಡಿ ಲೆಕ್ಕ ಹಾಕಿ, ಮೊದಲೇ ತಡೆದರೆ ವರ್ಷಕ್ಕೆ 500 ಕೋಟಿಯಿಂದ 7,000 ಕೋಟಿ ಡಾಲರು ಉಳಿತಾಯ ಅಂದವು. ಅಷ್ಟು ಅಗಲದ ಅಂದಾಜು ಎಂದರೆ ಎಷ್ಟು ನಂಬಬೇಕೆಂದು ಅದೇ ಹೇಳುತ್ತದೆ. ಆದರೆ ಇನ್ನೊಂದು ಕಡೆಯ ಲೆಕ್ಕ ಗಟ್ಟಿ: 2024ರಲ್ಲಿ ಜಗತ್ತಿನ ಸೇನಾ ವೆಚ್ಚ ಸುಮಾರು 2.7 ಲಕ್ಷ ಕೋಟಿ ಡಾಲರ್, 2024-25ರ ವಿಶ್ವಸಂಸ್ಥೆಯ ಶಾಂತಿಪಾಲನೆ ಬಜೆಟ್ಟು 560 ಕೋಟಿ. ಸಾವಿರಕ್ಕೆ ಎರಡು ರೂಪಾಯಿ.

ನಮ್ಮ ಮಗಳು ಎಂ.ಎ. ಮಾಡಾಕತ್ತಾಳ. ಈ ಕೆಲಸಕ್ಕ ಹೋಗಬೇಕಂದ್ರ ದಾರಿ ಯಾವುದು?

ನೇರ ದಾರಿ ಯುಪಿಎಸ್‌ಸಿ ಮೂಲಕ ಭಾರತೀಯ ವಿದೇಶಾಂಗ ಸೇವೆ; ಆಯ್ಕೆಯಾದವರು ಒಂದು ವಿದೇಶಿ ಭಾಷೆ ಕಲಿಯಲೇಬೇಕು. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ ವಯೋಮಿತಿ 32. ಯಾವ ದೇಶದವರು ಬರೆಯಬಹುದೆಂಬ ಪಟ್ಟಿ ವರ್ಷವರ್ಷ ಬದಲಾಗುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಇಲ್ಲವೇ ಉರ್ದು, ಶಾಲೆಯಲ್ಲಿ ಹಿಂದಿ-ಇಂಗ್ಲಿಷ್ ಎಂದು ಬೆಳೆದವರಿಗೆ ಇನ್ನೊಂದು ಭಾಷೆ ಭಾರವಲ್ಲ. ಫ್ರೆಂಚ್ ಇಲ್ಲವೇ ಅರೇಬಿಕ್ ಈಗಲೇ ಹಿಡಿಯಲಿ.

ಪೊಲೀಸ್ ಇಲಾಖೆ ಸೇರಿದವರಿಗೂ ಬಾಗಿಲಿದೆ. 2007ರಲ್ಲಿ ಲೈಬೀರಿಯಾಕ್ಕೆ ಹೋದ ಭಾರತದ ಮಹಿಳಾ ಪೊಲೀಸ್ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲ ಪೂರ್ಣ ಮಹಿಳಾ ತುಕಡಿ. ಒಬ್ಬೊಬ್ಬರಾಗಿ ಹೋಗುವ ಅಧಿಕಾರಿಗಳಿಗೆ ಭಾಷೆ, ವಾಹನ ಚಾಲನೆ, ಗುರಿ ಹೊಡೆಯುವುದು, ಈ ಮೂರರ ಪರೀಕ್ಷೆ ಇರುತ್ತದೆ. ಭಾಷೆಗೆ ವರ್ಷಗಟ್ಟಲೆ ಓದುವವರು ಸ್ಟೀರಿಂಗು ಮುಟ್ಟಿರುವುದಿಲ್ಲ. ಮನೆಯ ಟ್ರ್ಯಾಕ್ಟರನ್ನು ಅಣ್ಣ-ತಮ್ಮಂದಿರಿಗಷ್ಟೇ ಬಿಡದೆ ಆಕೆಗೂ ಒಂದು ಸುತ್ತು ಕೊಡಿ.